ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆಯೇ? ಪ್ರೊಸೆಸರ್ ವೇಗಕ್ಕೆ ಮಿತಿ ಹಾಕಿ

ವಿಡಿಯೊ ಎಡಿಟ್ ಮಾಡುವಾಗಲೋ ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವಾಗಲೋ ಫ್ಯಾನ್ ಜೋರಾಗಿ ಸದ್ದು ಮಾಡಿ, ಕೆಲಸ ಇದ್ದಕ್ಕಿದ್ದಂತೆ ಕುಂಟತೊಡಗಿದರೆ ಮೊದಲು ಶಾಖದ ಮೇಲೆ ಅನುಮಾನಪಡಿ. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಕಾಯುವುದು ಬೇಡ. ಲಿನಕ್ಸ್ ಬಳಸುವವರಿಗೆ ಅದರ ತಿರುಳಾದ ಕರ್ನಲ್‌ನಲ್ಲೇ ದಾರಿಯಿದೆ.

ಫ್ಯಾನ್ ಮತ್ತು ಗಾಳಿಕಿಂಡಿಯ ದೂಳು ತೆಗೆಯದೆ ಮುಂದಿನ ಯಾವುದನ್ನೂ ಮಾಡಬೇಡಿ. ಆಮೇಲೆ ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿಕೊಂಡು, ಟರ್ಮಿನಲ್‌ನಲ್ಲಿ ‘ಸೆನ್ಸರ್ಸ್’ ಕಮಾಂಡ್ ಕೊಡಿ. ಸುಮ್ಮನಿದ್ದಾಗ ಎಷ್ಟು ಡಿಗ್ರಿ, ಭಾರಿ ಕೆಲಸದಲ್ಲಿ ಎಷ್ಟು ಎಂದು ಬರೆದಿಟ್ಟುಕೊಳ್ಳಿ.

ಈಗ ಪ್ರೊಸೆಸರ್ ವೇಗ ನೋಡಲು, ಬದಲಿಸಲು ಇರುವ ಸಿಪಿಯುಪವರ್ ಸಾಧನ ಬಳಸಿ ‘ಸಿಪಿಯುಪವರ್ ಫ್ರೀಕ್ವೆನ್ಸಿ-ಇನ್ಫೋ’ ಎಂದು ಕೊಟ್ಟರೆ ಡ್ರೈವರ್ (ಪ್ರೊಸೆಸರ್ ವೇಗ ನಿಯಂತ್ರಿಸುವ ಕರ್ನಲ್ ಭಾಗ), ಕನಿಷ್ಠ–ಗರಿಷ್ಠ ವೇಗ, ಗವರ್ನರ್ ಎಲ್ಲವೂ ಕಾಣುತ್ತವೆ. ಯಾವಾಗ ಎಷ್ಟು ವೇಗ ಎಂಬುದನ್ನು ತೀರ್ಮಾನಿಸುವುದು ಗವರ್ನರ್. ಹಲವರು ‘ಪವರ್‌ಸೇವ್’ ಆರಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಎಸಿಪಿಐ-ಸಿಪಿಯುಫ್ರೀಕ್ ಡ್ರೈವರ್ ಇರುವ ಯಂತ್ರದಲ್ಲಿ ಅದು ಪ್ರೊಸೆಸರನ್ನು ಕನಿಷ್ಠ ವೇಗಕ್ಕೇ ಕಟ್ಟಿಹಾಕುತ್ತದೆ. ಇಂಟೆಲ್-ಪಿಸ್ಟೇಟ್ ಡ್ರೈವರ್‌ನ ಆ್ಯಕ್ಟಿವ್ ಮೋಡ್‌ನಲ್ಲಾದರೆ ಅದೇ ಹೆಸರಿನ ಗವರ್ನರ್ ಕೆಲಸ ಹೆಚ್ಚಿದಂತೆ ವೇಗವನ್ನೂ ಏರಿಸುತ್ತದೆ. ಬಿಸಿ ಹಾಗೇ ಉಳಿಯಬಹುದು. ಹಾಗಾಗಿ ಗವರ್ನರ್ ಮುಟ್ಟದೆ ಗರಿಷ್ಠ ವೇಗವನ್ನಷ್ಟೇ ಇಳಿಸಿ ಎಂಬುದು ನನ್ನ ಸಲಹೆ.

ಇದಕ್ಕೆ ಕಾರಣವಿದೆ. ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ಅದರ ವೇಗವನ್ನೂ ವೋಲ್ಟೇಜಿನ ವರ್ಗವನ್ನೂ (ಸ್ಕ್ವೇರ್) ಅವಲಂಬಿಸಿರುತ್ತದೆ. ವೇಗ ತುತ್ತತುದಿಗೆ ಏರಲು ವೋಲ್ಟೇಜೂ ಏರಬೇಕು. ಆ ಕೊನೆಯ ಸ್ವಲ್ಪ ವೇಗಕ್ಕೆ ತೆರುವ ಶಾಖ ಬಹಳ. ಅದನ್ನು ಬಿಟ್ಟುಕೊಟ್ಟರೆ ವೇಗ ಇಳಿದದ್ದಕ್ಕಿಂತ ಹೆಚ್ಚಾಗಿ ಬಿಸಿ ಇಳಿಯುತ್ತದೆ.

2.4 ಗಿಗಾಹರ್ಟ್ಸ್ ಮಿತಿ ಬೇಕೆಂದರೆ ‘ಸುಡೊ ಸಿಪಿಯುಪವರ್ ಫ್ರೀಕ್ವೆನ್ಸಿ-ಸೆಟ್ -ಯು 2400000’ ಎಂದು ಕೊಡಿ (ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು). ಸಂಖ್ಯೆ ಕಿಲೋಹರ್ಟ್ಸ್‌ನಲ್ಲಿದೆ, ಸೊನ್ನೆ ಎಣಿಸಿಕೊಳ್ಳಿ. ಒಮ್ಮೆಗೇ ತೀರಾ ಕೆಳಗಿಳಿಸದೆ, ನಿಮ್ಮ ಯಂತ್ರದ ಗರಿಷ್ಠದಿಂದ 200 ಮೆಗಾಹರ್ಟ್ಸ್‌ನಷ್ಟು ಇಳಿಸುತ್ತಾ, ಪ್ರತಿ ಸಲವೂ ಅದೇ ಭಾರಿ ಕೆಲಸ ಕೊಟ್ಟು ತಾಪಮಾನ ನೋಡಿ.

ಟರ್ಬೊ (ಮೂಲ ವೇಗ ಮೀರಿ ಏರುವ ವ್ಯವಸ್ಥೆ) ಮಾತ್ರ ನಿಲ್ಲಿಸಿದರೆ ಸಾಕೆನ್ನುವವರಿಗೆ ಇನ್ನೊಂದು ದಾರಿ. ಇಂಟೆಲ್-ಪಿಸ್ಟೇಟ್‌ನಲ್ಲಿ ‘ನೋ-ಟರ್ಬೊ’ (no_turbo) ಎಂಬ ಫೈಲಿಗೆ 1 ಬರೆಯಬೇಕು. ಎಸಿಪಿಐ-ಸಿಪಿಯುಫ್ರೀಕ್‌ನಲ್ಲಿ ‘ಬೂಸ್ಟ್’ ಫೈಲಿಗೆ 0. ಎರಡೂ ಫೈಲುಗಳು ಕರ್ನಲ್ ಸೆಟ್ಟಿಂಗ್‌ಗಳನ್ನು ಫೈಲುಗಳಾಗಿ ತೋರಿಸುವ ಸಿಸ್ಎಫ್‌ಎಸ್‌ನ ಸಿಪಿಯು ಫೋಲ್ಡರಿನೊಳಗೆ ಸಿಗುತ್ತವೆ.

ಈ ಬದಲಾವಣೆಗಳು ಯಂತ್ರ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತವೆ. ಪ್ರಯೋಗಕ್ಕೆ ಇದು ಒಳ್ಳೆಯದೇ, ಎಡವಟ್ಟಾದರೆ ಹಳೆಯ ಸ್ಥಿತಿಗೆ ಮರಳಬಹುದು. ಸರಿಯಾದ ಮಿತಿ ಸಿಕ್ಕ ಮೇಲೆ ಅದೇ ಕಮಾಂಡನ್ನು, ಯಂತ್ರ ಶುರುವಾಗುವಾಗ ಪ್ರೋಗ್ರಾಂಗಳನ್ನು ನಡೆಸುವ ಸಿಸ್ಟಮ್‌ಡಿ ಸರ್ವಿಸ್ ಆಗಿ ಬರೆದಿಟ್ಟರೆ ಪ್ರತಿ ಬೂಟ್‌ನಲ್ಲೂ ತಾನೇ ಜಾರಿಯಾಗುತ್ತದೆ. ಇಷ್ಟಾದರೂ ಏನೂ ಕೆಲಸವಿಲ್ಲದಾಗಲೇ ಬಿಸಿ ಏರುತ್ತಿದ್ದರೆ, ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ‘ಟಾಪ್’ ಕಮಾಂಡ್‌ನಲ್ಲಿ ನೋಡಿ. ಅಲ್ಲಿಯೂ ಏನೂ ಸಿಗದಿದ್ದರೆ ಥರ್ಮಲ್ ಪೇಸ್ಟ್ ಒಣಗಿರಬಹುದು, ರಿಪೇರಿಯವರಿಗೆ ತೋರಿಸಿ.