ಹಡ್ಲಿನ ಅಂಚಿನಲ್ಲಿ ಕಾದು ನಿಂತಾಗ

ನಾಗರಹೊಳೆ ಕಾಡಿನಲ್ಲಿ ದಿಣ್ಣೆಗಳ ನಡುವೆ ತಗ್ಗು ಜಾಗಗಳಿವೆ. ಅಲ್ಲಿ ಮರ ಇರುವುದಿಲ್ಲ, ಬರೀ ಹುಲ್ಲು. ಕಾಲಿಟ್ಟರೆ ಕೆಸರು. ಸುತ್ತಲಿನ ನೀರೆಲ್ಲ ಅಲ್ಲಿಗೇ ಬಸಿದು ಬರುವುದರಿಂದ ಬೇಸಿಗೆಯಲ್ಲೂ ಹಸಿರು ಪೂರ್ತಿ ಆರುವುದಿಲ್ಲ. ಇದಕ್ಕೆ ಹಡ್ಲು ಅನ್ನುತ್ತೇವೆ. ಹಿಂದೆ ಕೆಲವು ಹಡ್ಲುಗಳಲ್ಲಿ ಜನ ಭತ್ತ ಬೆಳೆಯುತ್ತಿದ್ದರು. 1970ರ ದಶಕದಿಂದ ಅರಣ್ಯ ಇಲಾಖೆಯ ರೇಂಜರ್ ಕೆ.ಎಂ. ಚಿಣ್ಣಪ್ಪನವರಂಥವರು ಹಗಲು ರಾತ್ರಿ ಎನ್ನದೆ ಈ ಕಾಡನ್ನು ಕಾಯ್ದರು. ಚಿಣ್ಣಪ್ಪನವರು ನಮ್ಮ ಕೊಡಗಿನವರೇ. ಇವತ್ತು ಆ ಹಡ್ಲುಗಳಲ್ಲಿ ಜಿಂಕೆ, ಕಾಟಿ (ಕಾಡುಕೋಣ), ಆನೆ ಮೇಯುತ್ತವೆ. ಅಲ್ಲಿ ಗಾಡಿ ನಿಂತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನಮ್ಮದು ಕುಟ್ಟದ ಹತ್ತಿರ ಸಣ್ಣ ಕಾಫಿ ತೋಟ. ಸಫಾರಿ ಹೊರಡುವ ನಾಣಚ್ಚಿ ಗೇಟು ದೂರವೇನಲ್ಲ. ಶುರುವಿನಲ್ಲಿ ನಾನೂ ಹುಲಿ ನೋಡಬೇಕೆಂದೇ ಸಫಾರಿಗೆ ಹೋಗುತ್ತಿದ್ದೆ. "ಮುಂದೆ ಹೋಗೋಣ ಅಣ್ಣ, ಜಿಂಕೆ ಇದ್ದೇ ಇರುತ್ತೆ" ಎಂದು ಡ್ರೈವರಿಗೆ ಹೇಳುತ್ತಿದ್ದೆ. ಹತ್ತು ಹನ್ನೆರಡು ಸಲ ಹೋದರೂ ಹುಲಿ ಕಾಣಲಿಲ್ಲ. ಅಷ್ಟು ಸಲ ಹೋಗಿಯೂ ಜಿಂಕೆಯನ್ನು ಕೂಡ ನಾನು ಸರಿಯಾಗಿ ನೋಡಿರಲಿಲ್ಲ. ಈಗ ಅದಕ್ಕೇ ಹೆಚ್ಚು ಬೇಸರವಾಗುತ್ತದೆ.

ಬದಲಾದದ್ದು ಹುಲಿ ಗಣತಿಗೆ ಹೋದ ಮೇಲೆ. ದೇಶದ ಹುಲಿ ಕಾಡುಗಳಲ್ಲೆಲ್ಲ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಗಣತಿಗೆ ಒಂದು ಸಲ ಸ್ವಯಂಸೇವಕನಾಗಿ ಸೇರಿದೆ. ಮೊದಲ ಮೂರು ದಿನ ಹುಲಿ, ಚಿರತೆಗಳ ಹೆಜ್ಜೆ, ಮಲ, ಮರದ ಮೇಲಿನ ಉಗುರಿನ ಗೀರು ಹುಡುಕುವ ಕೆಲಸ. ಆಮೇಲಿನ ಮೂರು ದಿನ ಕಾಡಿನೊಳಗೆ ಎರಡು ಕಿಲೋಮೀಟರಿನ ನೇರ ಗೆರೆ ಹಿಡಿದು ನಡೆಯಬೇಕು. ಕಂಡ ಪ್ರಾಣಿ ಯಾವುದು, ಎಷ್ಟಿವೆ, ಎಷ್ಟು ದೂರ, ಯಾವ ದಿಕ್ಕು ಎಂದು ಬರೆದುಕೊಳ್ಳಬೇಕು. ಕೈಯಲ್ಲಿ ದೂರ ಅಳೆಯುವ ರೇಂಜ್ ಫೈಂಡರ್, ಒಂದು ದಿಕ್ಸೂಚಿ, ಒಂದು ಪೆನ್ಸಿಲ್. ಅಷ್ಟೇ.

ನನ್ನ ಜೊತೆ ಹಾಡಿಯ ಒಬ್ಬ ಜೇನುಕುರುಬರು ವಾಚರ್ ಆಗಿ ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅಣ್ಣ ಅನ್ನುತ್ತಿದ್ದೆ. ಮೊದಲ ದಿನ ಗೆರೆಯ ಮೇಲೆ ಹತ್ತು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಅವರು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ನೆಲದ ಮೇಲೆಲ್ಲ ತೇಗದ ಒಣ ಎಲೆ. ನಾನು ಅದರ ಮೇಲೆ ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತಾ ಹೋಗುತ್ತಿದ್ದೆ. ಅವರು ತಮ್ಮ ಪಾದ ತೋರಿಸಿದರು. ಮೊದಲು ಹೊರಅಂಚು ಊರಬೇಕು, ಎಲೆ ನಿಧಾನಕ್ಕೆ ಅಮುಕಿದ ಮೇಲೆ ಪೂರ್ತಿ ಭಾರ ಬಿಡಬೇಕು. ಇಪ್ಪತ್ತು ಮೂವತ್ತು ಹೆಜ್ಜೆಗೊಮ್ಮೆ ನಿಂತು ಕೇಳಬೇಕು.

"ನಾವು ನಡೆದ್ರೆ ಅವು ನಿಲ್ತವೆ ಸಾರ್. ನಾವು ನಿಂತ್ರೆ ಅವು ನಡೀತವೆ" ಅಂದರು.

ಹಾಗೆ ನಿಂತಾಗ ಕೇಳಿಸಿಕೊಂಡದ್ದೇ ನನಗೆ ಆ ಗಣತಿಯ ದೊಡ್ಡ ಲಾಭ. ಜಿಂಕೆ ಹೆದರಿದಾಗ ಚುರುಕಾಗಿ, ಎತ್ತರದ ದನಿಯಲ್ಲಿ ಒಮ್ಮೆ ಕೂಗುತ್ತದೆ. ಒಂದೇ ಕೂಗಿಗೆ ಅಣ್ಣ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮನ್ನು ಕಂಡೇ ಕೂಗಿರಬಹುದು. ಆದರೆ ಬಿಟ್ಟು ಬಿಟ್ಟು, ಒಂದೇ ಕಡೆಯಿಂದ, ಹಲವು ಜಿಂಕೆಗಳು ಕೂಗಿದರೆ ಅವರ ಮುಖ ಆ ಕಡೆ ತಿರುಗುತ್ತಿತ್ತು. ಕಾಡುಕುರಿ ನಾಯಿಯಂತೆ ಬೊಗಳುತ್ತದೆ, ಸಣ್ಣ ವಿಷಯಕ್ಕೂ ಬೊಗಳುತ್ತದೆ. ಮುಸುವ ಮರದ ತುದಿಯಲ್ಲಿ ಕೂತಿರುವುದರಿಂದ ಅದಕ್ಕೆ ದೂರದ್ದೂ ಕಾಣುತ್ತದೆ. ಅದು ಕೆಮ್ಮಿದಂತೆ ಖಕ್ ಖಕ್ ಅಂದರೆ ಕೆಳಗೆ ಮೇಯುವ ಜಿಂಕೆ ಕೂಡಲೇ ತಲೆ ಎತ್ತುತ್ತದೆ. ಮುಸುವ ಮೇಲಿನಿಂದ ಉದುರಿಸಿದ ಎಲೆ, ಹಣ್ಣು ಜಿಂಕೆಗೆ ಸಿಗುತ್ತದೆ. ಇವೆರಡೂ ಜೊತೆಗಿರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಅಣ್ಣ ಎಲ್ಲಕ್ಕಿಂತ ಜಾಸ್ತಿ ನಂಬುತ್ತಿದ್ದದ್ದು ಕಡವೆಯನ್ನು. ಅದು ಸುಮ್ನೆ ಕೂಗುವುದಿಲ್ಲ. ಬಾಲ ನೆಟ್ಟಗೆ ಮಾಡಿ, ಮುಂಗಾಲು ನೆಲಕ್ಕೆ ಬಡಿದು, ಗಟ್ಟಿಯಾಗಿ ಕೂಗಿದರೆ ಅದು ಏನನ್ನೋ ಕಣ್ಣಾರೆ ಕಂಡಿದೆ ಅಂತಲೇ ಅರ್ಥ.

ಮೂರನೆಯ ದಿನ ಗಾಳಿಯ ಪಾಠವಾಯಿತು. ಅಣ್ಣ ಒಂದು ಒಣ ಎಲೆ ಪುಡಿ ಮಾಡಿ ಬೆರಳಿಂದ ಬಿಟ್ಟರು. ಪುಡಿ ನಮ್ಮ ಎದೆಯ ಕಡೆಗೇ ಬಂತು. ಅಂದರೆ ನಮ್ಮ ವಾಸನೆ ಮುಂದಕ್ಕೆ ಹೋಗುತ್ತಿಲ್ಲ. ಇನ್ನೂ ಸ್ವಲ್ಪ ನಡೆದಾಗ ಬಿದಿರ ಮೆಳೆಯ ಪಕ್ಕ ಕಪ್ಪು ಬಂಡೆ ಕಂಡಿತು. ಬಂಡೆಗೆ ಕಿವಿ ಇತ್ತು. ಒಂಟಿ ಕಾಟಿ, ಗಂಡು. ರೇಂಜ್ ಫೈಂಡರಿನಲ್ಲಿ 38 ಮೀಟರ್ ಎಂದು ಬಂತು. ನೋಣ ಓಡಿಸಲು ಭುಜದ ಚರ್ಮ ಅದುರಿಸುತ್ತಿತ್ತು. ಮೈ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ನಾಲ್ಕೂ ಕಾಲಿಗೆ ಮಂಡಿಯವರೆಗೆ ಬಿಳಿ ಕಾಲುಚೀಲ ಹಾಕಿದ ಹಾಗಿತ್ತು. ಮೆಲುಕು ಹಾಕುವ ದವಡೆಯ ಸದ್ದು ನನಗೆ ಕೇಳಿಸಿತು. ಸಾವಿರ ಕೆ.ಜಿ.ವರೆಗೂ ತೂಗಬಲ್ಲ ಪ್ರಾಣಿ ಅದು. ಗಾಳಿ ತಿರುಗಿದ್ದೇ ತಡ, ಮೂಗು ಮೇಲೆತ್ತಿ ಬುಸ್ ಅಂದಿತು. ಎರಡೇ ಕ್ಷಣ, ಬಿದಿರ ಹಿಂದೆ ಮಾಯ. ಅಷ್ಟು ದೊಡ್ಡ ಮೈ, ಒಂದು ಕಡ್ಡಿಯೂ ಮುರಿದ ಸದ್ದಿಲ್ಲ.

ಗಣತಿ ಬಿಟ್ಟರೆ ನಮ್ಮಂಥವರು ಆ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ಓಡಾಡುವಂತಿಲ್ಲ. ಓಡಾಡಲೂಬಾರದು. ಆದ್ದರಿಂದ ಕಲಿತದ್ದನ್ನು ಸಫಾರಿ ಗಾಡಿಗೆ ಹೊಂದಿಸಿಕೊಂಡೆ. ಈಗ ಹತ್ತಿದ ಕೂಡಲೇ ಡ್ರೈವರಿಗೆ ಒಂದೇ ಮಾತು ಹೇಳುತ್ತೇನೆ. "ಅಣ್ಣ, ಹುಲಿ ಸಿಗದಿದ್ರೂ ಪರವಾಗಿಲ್ಲ. ಒಂದು ಒಳ್ಳೆ ಹಡ್ಲಿನ ಹತ್ರ ಇಂಜಿನ್ ಆಫ್ ಮಾಡಿ ಹದಿನೈದು ನಿಮಿಷ ನಿಲ್ಸಿ." ಹೆಚ್ಚಿನ ಡ್ರೈವರುಗಳಿಗೆ ಇದು ಖುಷಿಯೇ. ಗಾಡಿಯಲ್ಲಿ ಬೇರೆಯವರಿದ್ದರೆ ಮೊದಲೇ ಅವರನ್ನೂ ಕೇಳಿಕೊಳ್ಳುತ್ತೇನೆ. ಮೊದಲ ಐದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕಾಜಾಣ ಕೂಗುತ್ತದೆ, ಕಾಡುಕೋಳಿ ಹೊರಗೆ ಬರುತ್ತದೆ. ನಮ್ಮಿಂದಾಗಿ ತಲೆ ಎತ್ತಿ ನಿಂತಿದ್ದ ಜಿಂಕೆಗಳು ಮತ್ತೆ ಬಾಯಿ ನೆಲಕ್ಕೆ ಹಾಕುತ್ತವೆ. ನಿಜವಾದ ನೋಟ ಶುರುವಾಗುವುದು ಅಲ್ಲಿಂದ.

ಹಿಂಡಿನಲ್ಲಿ ಮೊದಲು ಕಿವಿಗಳನ್ನು ನೋಡಿ. ಒಂದೊಂದು ಜಿಂಕೆಯ ಕಿವಿ ಒಂದೊಂದು ಕಡೆ ತಿರುಗುತ್ತಿದ್ದರೆ ಎಲ್ಲ ನೆಮ್ಮದಿ. ಎಲ್ಲ ಕಿವಿಗಳೂ ಒಂದೇ ಕಡೆ ನೆಟ್ಟರೆ ದುರ್ಬೀನು ಆ ಕಡೆ ಹಿಡಿಯಿರಿ.

ದುರ್ಬೀನು 8 ಪಟ್ಟು ಹತ್ತಿರ ತೋರಿಸುವುದಾದರೆ ಸಾಕು, ಮುಂದಿನ ಗಾಜು 42 ಮಿ.ಮೀ. ಇರಲಿ. ಗಾಡಿಯಲ್ಲಿ ಕೂತು 10 ಪಟ್ಟಿನದರಲ್ಲಿ ನೋಡಿದರೆ ಚಿತ್ರ ಅಲುಗಾಡುತ್ತದೆ, ಸಂಜೆ ಬೆಳಕು ಕಮ್ಮಿಯಾದಾಗ ಕಷ್ಟ ಇನ್ನೂ ಜಾಸ್ತಿ. ಬಿಳಿ, ಕಡು ನೀಲಿ ಬಟ್ಟೆ ಬೇಡ. ಅತ್ತರು, ಸೆಂಟು ಬೇಡವೇ ಬೇಡ. ನನಗೆ ಇಷ್ಟವಾದ ಕಾಲ ಹೂಮಳೆ ಬಿದ್ದ ಮೇಲಿನದು. ತೋಟದಲ್ಲಿ ಕಾಫಿ ಹೂ ಬಿಡುವ ಹೊತ್ತಿಗೆ ಕಾಡಿನಲ್ಲಿ ಹೊಸ ಹುಲ್ಲು ಚಿಗುರುತ್ತದೆ, ಪೊದೆಗಳಲ್ಲಿ ಇನ್ನೂ ಎಲೆ ತುಂಬಿರುವುದಿಲ್ಲ, ದೂರದವರೆಗೂ ಕಾಣುತ್ತದೆ. ಕಕ್ಕಡ ಮಾಸದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಾನಂತೂ ಹೋಗುವುದಿಲ್ಲ. ಆ ಮಳೆಯಲ್ಲಿ ಕೇಳಿಸುವುದೂ ಇಲ್ಲ, ಕಾಣುವುದೂ ಇಲ್ಲ.

ಹುಣಸೂರಿನಿಂದ ಕುಟ್ಟಕ್ಕೆ ಕಾಡಿನೊಳಗೆ ಬರುವ ರಸ್ತೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ರಾತ್ರಿ ಅದನ್ನು ಮುಚ್ಚುತ್ತಾರೆ, ಒಳ್ಳೆಯದೇ. ಆದರೆ ಹಗಲಲ್ಲಿ ಕೆಲವರು ಕಾರು ನಿಲ್ಲಿಸಿ ಕೋತಿಗಳಿಗೆ ಚಿಪ್ಸ್ ಕೊಡುತ್ತಾರೆ. ಕೋತಿ ರಸ್ತೆಯನ್ನೇ ಮನೆ ಮಾಡಿಕೊಳ್ಳುತ್ತದೆ, ಮುಂದಿನ ಗಾಡಿ ಅದರ ಮೇಲೆ ಹರಿಯುತ್ತದೆ. ಮರಿಯನ್ನು ಎದೆಗಪ್ಪಿಕೊಂಡೇ ಸತ್ತು ಬಿದ್ದಿದ್ದ ತಾಯಿಯನ್ನು ನಾನು ನೋಡಿದ್ದೇನೆ. ದಯವಿಟ್ಟು ಏನನ್ನೂ ಕೊಡಬೇಡಿ.

ನನ್ನ ಮನಸ್ಸಿನಲ್ಲಿ ಉಳಿದಿರುವ ಸಂಜೆ ಒಂದಿದೆ. ಮಾರ್ಚ್ ತಿಂಗಳು. ಹಡ್ಲಿನ ತುದಿಯಲ್ಲಿ ಸಣ್ಣ ಕೆರೆ. ಇಂಜಿನ್ ನಿಲ್ಲಿಸಿ ಕೂತಿದ್ದೆವು. ಖಾಲಿ ಬಾಟಲಿಯ ಬಾಯಿಗೆ ಊದಿದಂಥ ಶಿಳ್ಳೆ ಕೇಳಿಸಿತು. ಆ ಕಡೆಯಿಂದ ಒಂದು, ಈ ಕಡೆಯಿಂದ ಇನ್ನೊಂದು. "ಸೀಳುನಾಯಿ" ಎಂದು ಡ್ರೈವರಣ್ಣ ಪಿಸುಗುಟ್ಟಿದರು. ಅಷ್ಟರಲ್ಲಿ ಹೆಣ್ಣು ಕಡವೆಯೊಂದು ಪೊದೆ ಸೀಳಿಕೊಂಡು ಬಂದು ನೇರ ನೀರಿಗೆ ಇಳಿಯಿತು. ಹೊಟ್ಟೆ ಮುಳುಗುವಷ್ಟು ಆಳಕ್ಕೆ ಹೋಗಿ ತಿರುಗಿ ನಿಂತಿತು. ಹಿಂದೆಯೇ ಏಳು ಸೀಳುನಾಯಿಗಳು. ಕೆಂಚು ಮೈ, ಕರಿ ಬಾಲ. ದಡದಲ್ಲಿ ಸುತ್ತ ಹರಡಿಕೊಂಡವು. ಎರಡು ಕೂತೇ ಬಿಟ್ಟವು, ನಮ್ಮ ಮನೆ ನಾಯಿಗಳು ಅಂಗಳದಲ್ಲಿ ಕೂರುವ ಹಾಗೆ.

ಒಂದು ನಾಯಿ ನೀರಿಗಿಳಿದು ಈಜಿಕೊಂಡು ಹತ್ತಿರ ಹೋಯಿತು. ಕಡವೆಯ ಕತ್ತಿನ ಕೂದಲೆಲ್ಲ ಎದ್ದು ನಿಂತಿತ್ತು. ಮುಂಗಾಲು ಎತ್ತಿ ನೀರಿಗೆ ಬಡಿಯಿತು. ನಾಯಿ ಹಿಂದೆ ಬಂದು ಮೈ ಕೊಡವಿಕೊಂಡಿತು. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತರು ಮತ್ತು ಮೆಲ್ ಸನ್‌ಕ್ವಿಸ್ಟ್ ಇದೇ ನಾಗರಹೊಳೆಯಲ್ಲಿ ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಆಗ ನೆನಪಾಯಿತು. ಹುಲಿ ಕೊಲ್ಲುವ ಪ್ರಾಣಿಯ ಸರಾಸರಿ ತೂಕ 91 ಕೆ.ಜಿ. ಚಿಲ್ಲರೆ, ಸೀಳುನಾಯಿಯದ್ದು 43, ಚಿರತೆಯದ್ದು 37. ಒಂದೇ ಕಾಡಿನಲ್ಲಿ ಮೂವರೂ ಬದುಕುವುದು ಹೀಗೆ ಹಂಚಿಕೊಂಡೇ. ಬೆಳೆದ ಈ ಕಡವೆ ನೂರು ಕೆ.ಜಿ. ಮೇಲಿತ್ತು. ಅವುಗಳ ಲೆಕ್ಕಕ್ಕೆ ದೊಡ್ಡದೇ. ಆದರೂ ಅವು ಏಳು, ಇದು ಒಂದು.

ಬೆಳಕು ಇಳಿಯಿತು. ಗೇಟು ಮುಚ್ಚುವ ಮೊದಲು ಹೊರಗೆ ಹೋಗಲೇಬೇಕು. ಗಾಡಿಯಲ್ಲಿದ್ದ ಯಾರೂ ಮಾತಾಡಲಿಲ್ಲ. ನಾವು ಹೊರಟಾಗ ಕಡವೆ ಇನ್ನೂ ನೀರಿನಲ್ಲೇ ನಿಂತಿತ್ತು, ಕಿವಿ ಎರಡೂ ದಡದ ಕಡೆ.

ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನ ಬೆಳಗಿನ ಸಫಾರಿಗೆ ಮತ್ತೆ ಹೋದೆ. ಕೆರೆಯ ಮೇಲೆ ಮಂಜಿತ್ತು. ಕಾಗೆ ಸೇರಿರಲಿಲ್ಲ, ಎಳೆದಾಡಿದ ಗುರುತು ಕಾಣಲಿಲ್ಲ. ದಡದ ಕೆಸರಿನಲ್ಲಿ ನಾಯಿಗಳ ಹೆಜ್ಜೆ ಗಾಡಿಯಿಂದಲೇ ಕಾಣುತ್ತಿತ್ತು. ಆ ಬದಿಯಲ್ಲಿ ಜಿಂಕೆಗಳು ಮೇಯುತ್ತಿದ್ದವು, ಕಿವಿಗಳು ಒಂದೊಂದು ಕಡೆ. ನನ್ನ ನೋಟ್‌ಬುಕ್ಕಿನಲ್ಲಿ ಹಿಂದಿನ ದಿನದ ಸಾಲು ಹಾಗೇ ಇದೆ. ಸಂಜೆ 5.40, ಕಡವೆ, ಹೆಣ್ಣು, 1, ನೀರಿನಲ್ಲಿ.