ಮೂಲ ಅರೇಯನ್ನು ಮುಟ್ಟದೆ ಒಂದು ಸಾಲನ್ನು ಬದಲಿಸಿದ ಬಗೆ

ದಿನಸಿ ಸಗಟು ಅಂಗಡಿಯೊಂದರ ಬಿಲ್ಲಿಂಗ್ ಪರದೆಯನ್ನು ವೆಬ್ ಪರದೆಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್‌ನಲ್ಲಿ ಬರೆಯುವಾಗ ಬಿಲ್ಲಿನ ಸಾಲುಗಳನ್ನೆಲ್ಲ ಒಂದೇ ಅರೇಯಲ್ಲಿ (ಮೌಲ್ಯಗಳ ಕ್ರಮಬದ್ಧ ಪಟ್ಟಿ) ಇಟ್ಟಿದ್ದೆ. ಪ್ರತಿ ಸಾಲೂ ಐಡಿ, ಸರಕಿನ ಹೆಸರು, ದರ, ಪ್ರಮಾಣಗಳಿರುವ ಒಂದು ಆಬ್ಜೆಕ್ಟ್. ತೊಗರಿಬೇಳೆಯನ್ನು 5 ಕಿಲೋದಿಂದ 8 ಕಿಲೋಗೆ ಏರಿಸಿದಾಗ ಆ ಆಬ್ಜೆಕ್ಟಿನಲ್ಲೇ ಹೊಸ ಅಂಕಿಯನ್ನು ಬರೆದು ಅದೇ ಅರೇಯನ್ನು ಸ್ಟೇಟಿಗೆ (ಪರದೆಗಾಗಿ ರಿಯಾಕ್ಟ್ ನೆನಪಿಟ್ಟುಕೊಳ್ಳುವ ದತ್ತಾಂಶ) ಮರಳಿ ಕೊಟ್ಟರೆ ಪರದೆಯ ಮೇಲೆ 5 ಎಂದೇ ಉಳಿಯುತ್ತದೆ. ರಿಯಾಕ್ಟ್ ಅರೇಯ ಒಳಗೆ ಇಣುಕುವುದಿಲ್ಲ. ಹಳೆಯದೂ ಹೊಸದೂ ಒಂದೇ ರೆಫರೆನ್ಸ್ (ಮೆಮೊರಿಯಲ್ಲಿರುವ ಅದೇ ವಸ್ತುವಿನ ಗುರುತು) ಆಗಿದ್ದರೆ ಏನೂ ಬದಲಾಗಿಲ್ಲವೆಂದು ತಿಳಿದು ರೆಂಡರ್ ಮಾಡುವುದನ್ನು, ಅಂದರೆ ಪರದೆಯನ್ನು ಮತ್ತೆ ರೂಪಿಸುವುದನ್ನು, ಬಿಡುತ್ತದೆ.

ಆದ್ದರಿಂದ ನಾನು ಪ್ರತಿ ಸಾಲನ್ನೂ ಹಾದು ಹೊಸ ಅರೇಯನ್ನು ಕಟ್ಟಿಕೊಡುವ ಮ್ಯಾಪ್ ಮೆಥಡ್ ಬಳಸಿದೆ. ಐಡಿ ತಾಳೆಯಾದ ಸಾಲಿನ ಗುಣಗಳನ್ನು ಸ್ಪ್ರೆಡ್ ಮೂಲಕ ಹೊಸ ಆಬ್ಜೆಕ್ಟಿಗೆ ತಂದು, ಅದರ ನಂತರ ಹೊಸ ಪ್ರಮಾಣವನ್ನು ಬರೆಯಬೇಕು. ಮೊದಲೇ ಬರೆದರೆ ಹಳೆಯ ಅಂಕಿಯೇ ಅದನ್ನು ಅಳಿಸಿಹಾಕುತ್ತದೆ. ಉಳಿದ ಸಾಲುಗಳನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ವಿಧಾನದ ಜೀವಾಳ ಇರುವುದು ಇಲ್ಲಿಯೇ: ಸಾಲನ್ನು ತೋರಿಸುವ ಕಾಂಪೊನೆಂಟಿಗೆ ಮೆಮೊ (ಒಳಬರುವ ಮೌಲ್ಯಗಳು ಬದಲಾಗದಿದ್ದರೆ ಮರುರೆಂಡರ್ ತಪ್ಪಿಸುವ ರಿಯಾಕ್ಟ್ ಸೌಲಭ್ಯ) ಹಾಕಿದ್ದರಿಂದ ರೆಫರೆನ್ಸ್ ಬದಲಾಗದ ಸಾಲುಗಳು ಮರುರೆಂಡರ್ ಆಗುವುದಿಲ್ಲ. ನಕಲಿಸಲೆಂದು ಇಡೀ ಅರೇಯನ್ನು ಪಠ್ಯರೂಪವಾದ ಜೇಸನ್‌ಗೆ ಇಳಿಸಿ ಮತ್ತೆ ಪಾರ್ಸ್ ಮಾಡುವ ಅಭ್ಯಾಸ ಕೆಲವರಿಗಿದೆ. ಅದರಿಂದ ಪ್ರತಿ ಸಾಲೂ ಹೊಸದಾಗಿ ಮೆಮೊ ವ್ಯರ್ಥವಾಗುವುದಲ್ಲದೆ, ದಿನಾಂಕದ ಆಬ್ಜೆಕ್ಟುಗಳು ಬರಿಯ ಸ್ಟ್ರಿಂಗ್ ಆಗಿಬಿಡುತ್ತವೆ.

ಸ್ಪ್ರೆಡ್ ನಕಲಿಸುವುದು ಮೇಲಿನ ಒಂದು ಮಟ್ಟವನ್ನಷ್ಟೇ. ಸಾಲಿನೊಳಗೆ ರಿಯಾಯಿತಿಗೆಂದು ಇನ್ನೊಂದು ಆಬ್ಜೆಕ್ಟ್ ಇದ್ದರೆ ಹಳೆಯ ಸಾಲೂ ಹೊಸ ಸಾಲೂ ಅದನ್ನೇ ಹಂಚಿಕೊಳ್ಳುತ್ತವೆ, ಹೀಗಾಗಿ ಅದನ್ನೂ ಪ್ರತ್ಯೇಕವಾಗಿ ಸ್ಪ್ರೆಡ್ ಮಾಡಬೇಕು. ಮಟ್ಟಗಳು ಇನ್ನೂ ಹೆಚ್ಚಿದರೆ ನಕಲಿಸುವ ಕೆಲಸವನ್ನು ತಾನೇ ನೋಡಿಕೊಳ್ಳುವ ಇಮ್ಮರ್ ಲೈಬ್ರರಿ ಅನುಕೂಲ. ಎರಡೇ ಮಟ್ಟಕ್ಕೆ ಅದನ್ನು ತರುವುದು ನನಗೆ ಅತಿ ಎನಿಸುತ್ತದೆ.

2023ರ ಎಕ್ಮಾಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್ ಭಾಷೆಯ ಮಾನದಂಡ) ಆವೃತ್ತಿಯಲ್ಲಿ ಬಂದ ವಿತ್ ಮೆಥಡ್ ಸೂಚ್ಯಂಕವನ್ನೂ (ಅರೇಯಲ್ಲಿನ ಸ್ಥಾನದ ಸಂಖ್ಯೆ) ಹೊಸ ಮೌಲ್ಯವನ್ನೂ ಪಡೆದು ಹೊಸ ಅರೇಯನ್ನೇ ಕೊಡುತ್ತದೆ. ಸೂಚ್ಯಂಕ ಮಿತಿ ಮೀರಿದರೆ ರೇಂಜ್‌ಎರರ್ ಎಸೆಯುತ್ತದೆ. ಬಿಲ್ಲನ್ನು ದರದ ಪ್ರಕಾರ ಜೋಡಿಸಿದೊಡನೆ ಸೂಚ್ಯಂಕಗಳು ಕದಲುವುದರಿಂದ ನಾನು ಐಡಿ ಮತ್ತು ಮ್ಯಾಪ್‌ನಲ್ಲೇ ಉಳಿದೆ. ಜೋಡಿಸಲು ಮಾತ್ರ, ಮೂಲವನ್ನೇ ಕಲಕುವ ಸಾರ್ಟ್‌ನ ಬದಲು ಅದೇ ಆವೃತ್ತಿಯ ಟು‌ಸಾರ್ಟೆಡ್ ಬಳಸಿದೆ; ಅದಿಲ್ಲದ ಹಳೆಯ ಬ್ರೌಸರುಗಳಿಗಾಗಿ ಮೊದಲು ಸ್ಲೈಸ್‌ನಿಂದ ನಕಲು ತೆಗೆದು, ಆ ನಕಲಿನ ಮೇಲೆ ಸಾರ್ಟ್ ನಡೆಸಿದೆ.