ಒಂದೇ ತಂತಿಗೆ ಎರಡು ವಿಳಾಸ

ಮನೆಯ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಇದೆ. ಅದರಲ್ಲಿರುವ ಫೋಟೊ, ಕಡತಗಳ ಬ್ಯಾಕಪ್ ದಿನವೂ ಪಕ್ಕದ ಕೋಣೆಯ ಪುಟ್ಟ ಸರ್ವರ್‌ಗೆ ಹೋಗಬೇಕು. 192.168.1.20 ಎಂಬ ವಿಳಾಸದಿಂದ ಬಂದರೆ ಮಾತ್ರ ಒಳಗೆ ಬಿಡುವಂತೆ ಸರ್ವರ್‌ನಲ್ಲಿ ನಾನೇ ಬರೆದಿದ್ದೆ. ರೂಟರ್‌ನಲ್ಲಿ ಆ ವಿಳಾಸವನ್ನು ಡೆಸ್ಕ್‌ಟಾಪ್‌ಗೆಂದು ಕಾಯ್ದಿರಿಸಿದ್ದೆ. ಕೆಲವು ದಿನ ಬ್ಯಾಕಪ್ ಹೋಗುತ್ತಿತ್ತು, ಕೆಲವು ದಿನ ಅನುಮತಿ ಇಲ್ಲವೆಂದು ನಿಲ್ಲುತ್ತಿತ್ತು. ಇಂಟರ್ನೆಟ್ ಮಾತ್ರ ಒಮ್ಮೆಯೂ ಕೈಕೊಡಲಿಲ್ಲ. ಆದ್ದರಿಂದಲೇ ಎರಡು ವಾರ ಸರ್ವರ್ ಮೇಲೆಯೇ ಅನುಮಾನಪಟ್ಟೆ.

ಕೊನೆಗೆ ಟರ್ಮಿನಲ್‌ನಲ್ಲಿ ಮಾಹಿತಿ ಹೋಗುವ ದಾರಿಗಳನ್ನು ತೋರಿಸುವ ‘ಐಪಿ ರೂಟ್’ ಆಜ್ಞೆ ಕೊಟ್ಟು ನೋಡಿದೆ. ಹೊರಗೆ ಹೋಗುವ ‘ಡಿಫಾಲ್ಟ್’ ದಾರಿ ಎರಡಿದ್ದವು. ಎರಡೂ ಒಂದೇ ಕೇಬಲ್, ಒಂದೇ ರೂಟರ್. ಆದರೆ ಒಂದರ ಮೆಟ್ರಿಕ್ (ದಾರಿಯ ಆದ್ಯತೆ ಹೇಳುವ ಅಂಕಿ) 100, ಮೂಲ ವಿಳಾಸ 192.168.1.57. ಇನ್ನೊಂದರದು 1024, ವಿಳಾಸ .20. ಮನೆಯೊಳಗಿನ ಜಾಲದ ದಾರಿಗಳೂ ಹೀಗೇ ಎರಡಿದ್ದವು. ಮೆಟ್ರಿಕ್ ಕಡಿಮೆ ಇರುವ ದಾರಿಯನ್ನೇ ಲಿನಕ್ಸ್‌ನ ತಿರುಳಾದ ಕರ್ನಲ್ ಆರಿಸುತ್ತದೆ. ಹಾಗಾಗಿ ಅಂದು ಡೆಸ್ಕ್‌ಟಾಪ್ ಸರ್ವರ್ ಮುಂದೆ .57 ಆಗಿ ನಿಂತಿತ್ತು.

ನೆಟ್‌ವರ್ಕ್ ಪಟ್ಟಿಯಲ್ಲಿ ‘ವೈರ್ಡ್ ಕನೆಕ್ಷನ್ 1’ ಕಾಣುತ್ತಿತ್ತು. ಅದೇ ಹೆಚ್ಚಿನದೆಂದು ಅಳಿಸಿ ಯಂತ್ರವನ್ನು ಮತ್ತೆ ಆರಂಭಿಸಿದೆ. ಅದು ತಪ್ಪು ಹೆಜ್ಜೆ. ಉಳಿದದ್ದು ಒಂದೇ ವಿಳಾಸ, ಆದರೆ ಅದನ್ನು ಪಡೆದ ಸಂಪರ್ಕ ನನಗೆ ಬೇಕಾದದ್ದಲ್ಲ. ಪಟ್ಟಿಯಲ್ಲಿ ಈಗ ‘ಇಎನ್‌ಪಿ3ಎಸ್0’ ಎಂಬ, ನೆಟ್‌ವರ್ಕ್ ಕಾರ್ಡ್‌ನ ಹೆಸರನ್ನೇ ಹೊತ್ತ, ನಾನು ಮಾಡಿರದ ಸಂಪರ್ಕ ಬಂದಿತ್ತು. ‘ಎನ್‌ಎಂಸಿಎಲ್‌ಐ ಡಿವೈಸ್’ ಎಂಬ, ಕಾರ್ಡ್‌ಗಳ ಸ್ಥಿತಿ ತೋರಿಸುವ ಆಜ್ಞೆ ಕೊಟ್ಟರೆ ಅದರ ಎದುರು ‘ಕನೆಕ್ಟೆಡ್ ಎಕ್ಸ್‌ಟರ್ನಲಿ’ ಎಂದಿತ್ತು. ಇಡೀ ಹುಡುಕಾಟದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಎರಡು ಪದಗಳು ಇವು. ಈ ಸಂಪರ್ಕವನ್ನು ಎಬ್ಬಿಸಿದ್ದು ತಾನಲ್ಲ, ಬೇರೆ ಯಾರೋ ಎಂದು, ಡೆಸ್ಕ್‌ಟಾಪ್‌ನ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಸ್ಪಷ್ಟವಾಗಿ ಹೇಳುತ್ತಿತ್ತು.

ಆ ಬೇರೆಯವರು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ, ಸಂಪರ್ಕಗಳನ್ನು ನೋಡಿಕೊಳ್ಳುವ ಇನ್ನೊಂದು ಸೇವೆ. ಡೆಬಿಯನ್‌ನಲ್ಲಿ ಅದು ಯಂತ್ರದ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿ ಜೊತೆಗೇ ಬರುತ್ತದೆ, ಆದರೆ ತಾನಾಗಿ ಚಾಲೂ ಆಗುವುದಿಲ್ಲ. ಕೆಲವು ತಿಂಗಳ ಹಿಂದೆ ವರ್ಚುವಲ್ ಯಂತ್ರಗಳಿಗೆ ಬ್ರಿಡ್ಜ್ (ಅವನ್ನು ಮನೆಯ ಜಾಲಕ್ಕೆ ಸೇರಿಸುವ ಸೇತುವೆ) ಮಾಡಿ ನೋಡಲು ಅದನ್ನು ಚಾಲೂ ಮಾಡಿದ್ದವನು ನಾನೇ. ‘ಇಎನ್’ನಿಂದ ಆರಂಭವಾಗುವ ಎಲ್ಲ ಕಾರ್ಡ್‌ಗಳಿಗೂ ಡಿಎಚ್‌ಸಿಪಿ ಮೂಲಕ, ಅಂದರೆ ರೂಟರ್‌ನಿಂದಲೇ, ವಿಳಾಸ ಕೇಳು ಎಂದು ಬರೆದಿದ್ದ ಕಡತ ಇಟಿಸಿಯೊಳಗಿನ ಸಿಸ್ಟಮ್‌ಡಿ ಫೋಲ್ಡರ್‌ನಲ್ಲಿ ಹಾಗೆಯೇ ಉಳಿದಿತ್ತು. ಬೂಟ್ ಆಗುವಾಗ ಇಬ್ಬರೂ ರೂಟರನ್ನು ವಿಳಾಸ ಕೇಳುತ್ತಿದ್ದರು. ನೆಟ್‌ವರ್ಕ್‌ಡಿ ಡಿಯುಐಡಿ ಎಂಬ ಬೇರೆ ಗುರುತು ತೋರಿಸುವುದರಿಂದ ರೂಟರ್‌ನ ಕಣ್ಣಿಗೆ ಇವು ಎರಡು ಯಂತ್ರಗಳು. ಮೊದಲು ಕೇಳಿದವರಿಗೆ .20, ತಡವಾದವರಿಗೆ ಬೇರೆ. ಬ್ಯಾಕಪ್ ಒಂದು ದಿನ ಹೋಗಿ ಇನ್ನೊಂದು ದಿನ ನಿಲ್ಲುತ್ತಿದ್ದುದು ಈ ಓಟದಿಂದ.

ಡೆಸ್ಕ್‌ಟಾಪ್‌ಗೆ ನೆಟ್‌ವರ್ಕ್‌ಮ್ಯಾನೇಜರ್ ಇರಲಿ ಎಂದು ತೀರ್ಮಾನಿಸಿದೆ. ಮನೆಯ ಉಳಿದವರು ಬಳಸುವುದು ಅದರ ಮೆನುವನ್ನೇ. ಹಳೆಯ ಕಡತವನ್ನು ಬೇರೆಡೆಗೆ ಸರಿಸಿ, ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್’ ಮೂಲಕ ನೆಟ್‌ವರ್ಕ್‌ಡಿ ಬೂಟ್‌ನಲ್ಲಿ ಏಳದಂತೆ ಮಾಡಿದೆ. ಒಮ್ಮೆ ಅಳಿಸಿದ ‘ವೈರ್ಡ್ ಕನೆಕ್ಷನ್ 1’ ತಾನಾಗಿ ಹಿಂತಿರುಗುವುದಿಲ್ಲ, ಅಳಿಸಿದ್ದನ್ನು ನೆಟ್‌ವರ್ಕ್‌ಮ್ಯಾನೇಜರ್ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ‘ಮನೆ’ ಎಂಬ ಹೆಸರಿನಲ್ಲಿ ಹೊಸ ಸಂಪರ್ಕ ಸೇರಿಸಿ, ರೂಟರ್‌ನಲ್ಲಿದ್ದ ಹಳೆಯ ಲೀಸ್‌ಗಳನ್ನೂ (ಕೊಟ್ಟ ವಿಳಾಸಗಳ ದಾಖಲೆ) ತೆಗೆದು, ಡೆಸ್ಕ್‌ಟಾಪ್, ರೂಟರ್ ಎರಡನ್ನೂ ಆಫ್ ಮಾಡಿ ಮರಳಿ ಆನ್ ಮಾಡಿದೆ.

‘ಐಪಿ ರೂಟ್’ ಈಗ ಒಂದೇ ಡಿಫಾಲ್ಟ್ ದಾರಿ ತೋರಿಸುತ್ತದೆ, ವಿಳಾಸ .20. ಸರಿಸಿಟ್ಟ ಕಡತದ ಮೊದಲ ಸಾಲಿನಲ್ಲಿ ಅದನ್ನು ಏಕೆ ಬರೆದಿದ್ದೆ, ಏಕೆ ತೆಗೆದೆ ಎಂದು ದಿನಾಂಕದೊಂದಿಗೆ ಬರೆದಿಟ್ಟಿದ್ದೇನೆ.